ಹಳೇ ಬ್ಯಾಂಜೊ-ಯುಕುಲೇಲಿ ಸಿಕ್ಕಿದೆ: ಚರ್ಮ ಉಳಿಸಲೋ, ಪ್ಲಾಸ್ಟಿಕ್ ಹಾಕಿಸಲೋ?

ಧಾರವಾಡ_ಬೋಲ್ಟನ್

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ಆರು ವರ್ಷದಿಂದ ಇಂಗ್ಲೆಂಡಿನ ಬೋಲ್ಟನ್‌ನಲ್ಲಿದ್ದೇನೆ. ಇಲ್ಲಿ ಭಾನುವಾರ ಬೆಳಿಗ್ಗೆ ಜನ ಮನೆಯ ಹಳೇ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿ ತಂದು ಮೈದಾನದಲ್ಲಿ ಹರಡಿ ಮಾರುತ್ತಾರೆ. ಹೋದ ವಾರ ಅಲ್ಲಿ ಒಬ್ಬ ಅಜ್ಜಿಯ ಹತ್ತಿರ ಬ್ಯಾಂಜೊ-ಯುಕುಲೇಲಿ ಅನ್ನೋ ನಾಲ್ಕು ತಂತಿಯ ಪುಟ್ಟ ವಾದ್ಯ ಸಿಕ್ಕಿತು. 40 ಪೌಂಡ್ ಕೊಟ್ಟೆ, ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಅವರ ಯಜಮಾನರದ್ದಂತೆ, ಕೈಗೆ ಕೊಡುವಾಗ ಒಮ್ಮೆ ತಂತಿ ಮೀಟಿ ನೋಡಿದರು.

ನೋಡೋಕೆ ಹೀಗಿದೆ. ಮರದ ದುಂಡು ಚೌಕಟ್ಟು, ಸುಮಾರು 7 ಇಂಚು ಅಗಲ. ಮೇಲೆ ಚರ್ಮ ಬಿಗಿದಿದೆ. ಸುತ್ತ ಚರ್ಮವನ್ನು ಎಳೆದು ಹಿಡಿಯುವ 16 ಕೊಕ್ಕೆ, ಅದರಲ್ಲಿ ಎರಡು ಪೂರ್ತಿ ತುಕ್ಕು. ತಂತಿ ಬಿಗಿಯುವ ನಾಲ್ಕು ಬಿರಡೆ, ಬಿಳಿ ಪ್ಲಾಸ್ಟಿಕ್ ತರ ಇವೆ. ಹಿಂದೆ ಮರದ ಮುಚ್ಚಳ ಇದೆ, ಅದನ್ನು ಬಿಚ್ಚಿದರೆ ಒಳಗೆ ಪೆನ್ಸಿಲ್‌ನಲ್ಲಿ 1931 ಅಂತ ಬರೆದಿದೆ. ಕಂಪನಿ ಹೆಸರು ಎಲ್ಲೂ ಇಲ್ಲ, ದಂಡಿಯ ಹಿಂದೆ ಮೇಡ್ ಇನ್ ಇಂಗ್ಲೆಂಡ್ ಅಂತ ಮುದ್ರೆ ಮಾತ್ರ. ಚರ್ಮ ಹಳದಿ ಆಗಿದೆ, ಬೆರಳು ತಾಗುವ ಕಡೆ ಕಂದು ಬಣ್ಣ ಬಂದಿದೆ. ಅಂಚಿನ ಹತ್ತಿರ ಒಂದು ಇಂಚಿನಷ್ಟು ಸೀಳು ಬಿಟ್ಟಿದೆ. ಬಿಗಿ ಮಾಡಿದರೆ ಪೂರ್ತಿ ಹರಿಯುತ್ತೆ ಅನ್ನೋ ಭಯ.

ಇಲ್ಲಿಯ ಒಬ್ಬ ರಿಪೇರಿಯವರಿಗೆ ತೋರಿಸಿದೆ. "ಚರ್ಮ ತೆಗೆದು ಪ್ಲಾಸ್ಟಿಕ್ ಹಾಕು, ಎಲ್ಲಾ ಕೊಕ್ಕೆ ಹೊಸದು ಹಾಕು, ಪಾಲಿಶ್ ಹೊಡಿ" ಅಂದರು. ನನಗೆ ಒಪ್ಪಿಗೆ ಆಗುತ್ತಿಲ್ಲ. ಬಲ್ಲವರು ಇದ್ದರೆ ದಯವಿಟ್ಟು ಹೇಳಿ.

ಬೆಳಗಾವಿ_ಬುಲ್‌ಬುಲ್

ಸರ್, ಬ್ಯಾಂಜೊ ಅಂದ್ರೆ ನಮ್ಮ ಕಡೆ ಭಜನೆಯಲ್ಲಿ ಬಾರಿಸುವ ಗುಂಡಿ ಒತ್ತುವ ಬ್ಯಾಂಜೊ ಅಲ್ವಾ? ಅದಕ್ಕೆ ಚರ್ಮ ಎಲ್ಲಿ ಬಂತು?

ಧಾರವಾಡ_ಬೋಲ್ಟನ್

ಅದು ಬುಲ್‌ಬುಲ್ ತರಂಗ. ನಮ್ಮಲ್ಲಿ ಅದಕ್ಕೂ ಬ್ಯಾಂಜೊ ಅಂತಲೇ ಹೆಸರು ಬಿದ್ದಿದೆ. ಅದರ ಮೂಲ ಜಪಾನಿನ ತೈಶೊಗೊತೊ, 1912ರ ಸುಮಾರಿಗೆ ನಗೋಯಾದಲ್ಲಿ ಹುಟ್ಟಿದ ವಾದ್ಯ. ಇದು ಬೇರೆ. ಮೈ ಬ್ಯಾಂಜೊದ್ದು, ಕೈ ಯುಕುಲೇಲಿಯದ್ದು. ಅಂದರೆ ಚಿಕ್ಕ ಡೋಲಿನಂಥ ಮೈಗೆ ಯುಕುಲೇಲಿಯ ದಂಡಿ ಸೇರಿಸಿದ್ದಾರೆ. ನಾಲ್ಕೇ ತಂತಿ. ಯುಕುಲೇಲಿ ಗೊತ್ತಿದ್ದವರು ಅದೇ ಬೆರಳಲ್ಲಿ ಇದನ್ನೂ ನುಡಿಸಬಹುದು.

ನಾಲ್ಕುತಂತಿ

ಬಹಳ ಸಂತೋಷ ಆಯಿತು ಇದನ್ನು ಓದಿ. ನಾನು ಶಿಕಾಗೊದಲ್ಲಿದ್ದೇನೆ, ಹದಿನೈದು ವರ್ಷದಿಂದ ಇವನ್ನು ಕೂಡಿಸುತ್ತಿದ್ದೇನೆ, ಈಗ ಮನೆಯಲ್ಲಿ ಹನ್ನೊಂದು ಇವೆ. ಕನ್ನಡದಲ್ಲಿ ಇದರ ಬಗ್ಗೆ ಮಾತಾಡುವ ಇನ್ನೊಬ್ಬರು ಸಿಗುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ಮೊದಲು ಇದು ಯಾಕೆ ಹುಟ್ಟಿತು ಅಂತ ಹೇಳಿಬಿಡುತ್ತೇನೆ, ಆಗ ಚರ್ಮದ ಪ್ರಶ್ನೆಗೂ ಉತ್ತರ ಅರ್ಧ ಸಿಗುತ್ತೆ. 1879ರ ಆಗಸ್ಟ್‌ನಲ್ಲಿ ಮದೀರಾ ದ್ವೀಪದ ಪೋರ್ಚುಗೀಸ್ ಕೂಲಿಗಳನ್ನು ಹೊತ್ತ ರೇವನ್ಸ್‌ಕ್ರ್ಯಾಗ್ ಅನ್ನೋ ಹಡಗು ಹೊನೊಲುಲುಗೆ ಬಂತು. ಅವರು ತಂದ ಪುಟ್ಟ ಗಿಟಾರ್‌ನಂಥ ವಾದ್ಯವೇ ಹವಾಯಿಯಲ್ಲಿ ಯುಕುಲೇಲಿ ಆಯಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು, ಅಲ್ಲಿ ಹವಾಯಿಯ ಹಾಡು ಕೇಳಿ ಅಮೆರಿಕದ ಜನಕ್ಕೆ ಹುಚ್ಚು ಹಿಡಿಯಿತು. ಆದರೆ ಯುಕುಲೇಲಿ ದನಿ ಸಣ್ಣದು. ಆಗ ರಂಗಮಂದಿರಗಳಲ್ಲಿ ಮೈಕ್ ಇಲ್ಲ, ಹಿಂದಿನ ಸಾಲಿನವರಿಗೆ ಕೇಳಬೇಕು. ಹಾಗಾಗಿ ಬ್ಯಾಂಜೊದ ಚರ್ಮದ ಮೈಯನ್ನು ಇದಕ್ಕೆ ಜೋಡಿಸಿದರು. ಯಾರು ಮೊದಲು ಮಾಡಿದ್ದು ಅನ್ನೋದಕ್ಕೆ ಜಗಳ ಇದೆ. ಹವಾಯಿಯಲ್ಲಿ ಹುಟ್ಟಿದ ಆಲ್ವಿನ್ ಕೀಚ್ ನಾನೇ ಅಂದರು, ಕ್ಯಾಲಿಫೋರ್ನಿಯಾದ ಬೋಲಾಂಡರ್ ಕಡೆಯವರು ಅವರೇ ಅನ್ನುತ್ತಾರೆ. ಬ್ಯಾಂಜುಲೆಲೆ ಅನ್ನೋ ಹೆಸರು ಮಾತ್ರ ಕೀಚ್ ಅವರದ್ದು, ಆಮೇಲೆ ಲಂಡನ್ನಿನಲ್ಲಿ ಅವರು ಆ ಹೆಸರಲ್ಲೇ ತುಂಬಾ ಮಾರಿದರು.

ಅಂದರೆ ಈ ವಾದ್ಯಕ್ಕೆ ಜೀವ ಬಂದಿದ್ದೇ ಚರ್ಮದಿಂದ. ಅದಕ್ಕೇ ಆತುರ ಬೇಡ. ಕೆಲವು ಪ್ರಶ್ನೆ ಇವೆ:

ದಂಡಿ ನೇರ ಇದೆಯಾ? ತಂತಿಯನ್ನು ಮೊದಲ ಮೆಟ್ಟಿಲಲ್ಲೂ (ದಂಡಿಯ ಮೇಲಿನ ಲೋಹದ ಅಡ್ಡಪಟ್ಟಿ) ಕೊನೇ ಮೆಟ್ಟಿಲಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ ತಂತಿಗೂ ಮೆಟ್ಟಿಲಿಗೂ ಒಂದು ಕಾಗದ ಹೋಗುವಷ್ಟು ಜಾಗ ಇದ್ದರೆ ತೊಂದರೆ ಇಲ್ಲ, ಹತ್ತು ರೂಪಾಯಿ ನಾಣ್ಯ ಹೋದರೆ ದಂಡಿ ಬಾಗಿದೆ. ಮರದ ಚೌಕಟ್ಟು ಪದರ ಬಿಟ್ಟಿದೆಯಾ? ಒಳಗಿನ ಅಡ್ಡಕೋಲು ಅಲ್ಲಾಡುತ್ತಾ? ಬಿರಡೆಗಳು ಗೇರ್ ಇರುವಂಥವಾ, ಬರೀ ಉಜ್ಜಿ ನಿಲ್ಲುವಂಥವಾ?

ಧಾರವಾಡ_ಬೋಲ್ಟನ್

ನಾಲ್ಕುತಂತಿಯವರೇ, ಧನ್ಯವಾದ. ಈಗಷ್ಟೇ ನೋಡಿದೆ. ದಂಡಿ ನೇರ ಇದೆ, ಕಾಗದ ಕಷ್ಟಪಟ್ಟು ಹೋಗುತ್ತೆ. ಚೌಕಟ್ಟು ಗಟ್ಟಿ. ಅಡ್ಡಕೋಲು ಅಲ್ಲಾಡಲ್ಲ. ಬಿರಡೆ ಬರೀ ಉಜ್ಜಿ ನಿಲ್ಲುವಂಥವು, ತುದಿಯಲ್ಲಿ ಒಂದೊಂದು ಸ್ಕ್ರೂ ಇದೆ. ಮೂರನೇದು ಜಾರುತ್ತೆ.

ನಾಲ್ಕುತಂತಿ

ಹಾಗಾದರೆ ನೀವು ಕೊಟ್ಟ 40 ಪೌಂಡ್ ಸಾರ್ಥಕ. ಆ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಬಿರಡೆ ನಿಲ್ಲುತ್ತೆ.

ಹೆಸರಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. 1920-30ರಲ್ಲಿ ಇಂಗ್ಲೆಂಡಿನಲ್ಲಿ, ಅದರಲ್ಲೂ ಬರ್ಮಿಂಗ್‌ಹ್ಯಾಮ್‌ನಲ್ಲಿ, ಇವನ್ನು ರಾಶಿ ರಾಶಿ ಮಾಡುತ್ತಿದ್ದರು. ಅಂಗಡಿಯವರು ತಮ್ಮ ಚೀಟಿ ಅಂಟಿಸಿ ಮಾರುತ್ತಿದ್ದರು. ಚೀಟಿ ಬಿದ್ದುಹೋದರೆ ಹೆಸರೂ ಹೋಯಿತು. ಹೆಸರು ಇರುವವು ಅಂದರೆ ಬರ್ಮಿಂಗ್‌ಹ್ಯಾಮ್‌ನ ವಿಂಡ್ಸರ್, ಲಂಡನ್ನಿನ ಡ್ಯಾಲಸ್, ಅಬಟ್, ಬಾರ್ನ್ಸ್ ಅಂಡ್ ಮಲಿನ್ಸ್, ಮತ್ತೆ ಕೀಚ್. ಕೀಚ್ ವಾದ್ಯದ ಮೇಲೆ ಅವರ ಸಹಿಯೇ ಅಚ್ಚಾಗಿರುತ್ತೆ, ಅದನ್ನು ಗುರುತು ಹಿಡಿಯೋದು ಸುಲಭ.

1931 ಅಂತ ಪೆನ್ಸಿಲ್‌ನಲ್ಲಿ ಇದೆ ಅಂದಿರಿ. ಅದು ತಯಾರಾದ ವರ್ಷವೇ ಅಂತ ನಂಬಬೇಡಿ. ಹೊಸ ಚರ್ಮ ಹಾಕಿದವರು, ರಿಪೇರಿ ಮಾಡಿದವರು ಒಳಗೆ ತಾರೀಕು ಬರೆಯುವ ರೂಢಿ ಇತ್ತು. ಆ ವರ್ಷಕ್ಕಿಂತ ಹಿಂದಿನದು ಅಥವಾ ಅದೇ ವರ್ಷದ್ದು, ಅಷ್ಟು ಹೇಳಬಹುದು. ಅದನ್ನು ಮಾತ್ರ ಒರೆಸಬೇಡಿ.

ಅಮೆರಿಕದ ವಾದ್ಯಗಳ ಕಥೆ ಇನ್ನೊಂದು ತರ. ನಮ್ಮ ಶಿಕಾಗೊದಲ್ಲಿ ಡ್ರಮ್ ಮಾಡುತ್ತಿದ್ದ ಲುಡ್‌ವಿಗ್ ಕಂಪನಿ ಇವನ್ನು ಮಾಡಿತು. ಮರದ ಹಲಗೆಯನ್ನು ದುಂಡಗೆ ಬಗ್ಗಿಸೋದು, ಚರ್ಮವನ್ನು ಸುತ್ತ ಸಮನಾಗಿ ಎಳೆಯೋದು ಅವರ ಕಸುಬೇ ಆಗಿತ್ತು. ನನ್ನ ಹತ್ತಿರ ಅವರ ವೆಂಡಲ್ ಹಾಲ್ ಹೆಸರಿನ ಮಾದರಿ ಒಂದಿದೆ. ವೆಂಡಲ್ ಹಾಲ್ ಆಗಿನ ಕೆಂಪು ಕೂದಲಿನ ಹೆಸರಾಂತ ಗಾಯಕ. ಎತ್ತಿಕೊಂಡರೆ ಕೈ ಜಗ್ಗುವಷ್ಟು ಭಾರ, ಆದರೆ ದನಿ ಗಂಟೆಯ ಹಾಗೆ. ಇನ್ನು ಗಿಬ್ಸನ್ ಕಂಪನಿ. ಅವರ ಯುಬಿ-1 ಮಾದರಿಗೆ 6 ಇಂಚಿನ ಮುಖ, ಯುಬಿ-2ಕ್ಕೆ 8 ಇಂಚು, ಆಮೇಲೆ 3, 4, 5 ಅಂತ ಅಲಂಕಾರ ಏರುತ್ತಾ ಹೋಗುತ್ತೆ. ನನಗೆ ಚಿಕ್ಕ ಯುಬಿ-1 ತುಂಬಾ ಇಷ್ಟ. ಮಗುವಿನ ತಟ್ಟೆಯಷ್ಟಿದೆ, ಮಡಿಲಲ್ಲಿ ಇಟ್ಟುಕೊಂಡು ಸಂಜೆ ಸುಮ್ನೆ ಮೀಟುತ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ.

ಮದ್ದಳೆ_ಮನೆ

ನಾನು ಈ ವಾದ್ಯವನ್ನು ಕಣ್ಣಲ್ಲಿ ಕಂಡವನಲ್ಲ, ಆದರೆ ಚರ್ಮದ ಬಗ್ಗೆ ಎರಡು ಮಾತು ಹೇಳಬಹುದು ಅಂತ ಬರೆಯುತ್ತಿದ್ದೇನೆ. ನಮ್ಮ ತಂದೆ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದರು. ಉಡುಪಿ ಹತ್ತಿರ ನಮ್ಮ ಮನೆ.

ಬಯಲಾಟ ಅಂದರೆ ರಾತ್ರಿಯಿಡೀ ಬಯಲಲ್ಲಿ. ಹತ್ತು ಗಂಟೆಗೆ ಕೂಡಿಸಿದ ಶ್ರುತಿ ಬೆಳಗಿನ ಜಾವಕ್ಕೆ ಇಬ್ಬನಿ ಬಿದ್ದಾಗ ಇರುವುದಿಲ್ಲ. ತಂದೆ ಮಾತಾಡದೆ ಮದ್ದಳೆಯನ್ನು ಮಡಿಲಿಗೆ ಎಳೆದುಕೊಂಡು ಅಂಗೈಯಿಂದ ಮುಚ್ಚಿಗೆಯನ್ನು, ಅಂದರೆ ಮುಖದ ಚರ್ಮವನ್ನು, ಒಮ್ಮೆ ಸವರುತ್ತಿದ್ದರು. ತಣ್ಣಗಿದೆಯೋ, ಜಿಗುಟಾಗಿದೆಯೋ ಅಂತ ಕೈಗೇ ಗೊತ್ತಾಗುತ್ತಿತ್ತು. ಆಮೇಲೆ ಅಂಚಿಗೆ ಒಂದೊಂದೇ ಪೆಟ್ಟು, ಎದುರು ಬದುರಾಗಿ. ಒಂದೇ ಕಡೆ ಬಿಗಿದರೆ ಮುಚ್ಚಿಗೆ ವಾರೆ ಆಗುತ್ತದೆ, ನಾದ ಒಡೆಯುತ್ತದೆ. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆ ದಿನ ಕಳೆದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ಮದ್ದಳೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಮಳೆಗಾಲ ಪೂರ್ತಿ ಅಲ್ಲೇ. ಬಿಸಿ ತಾಗಬಾರದು, ಥಂಡಿಯೂ ತಾಗಬಾರದು.

ತಮಟೆಯವರು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಖಂಜಿರದವರು ಉಲ್ಟಾ, ನೀರು ಹಚ್ಚಿ ಇಳಿಸುತ್ತಾರೆ. ಎಲ್ಲಾ ಒಂದೇ ಸೂತ್ರ: ನೀರು ಕುಡಿದರೆ ಚರ್ಮ ಸಡಿಲ, ಒಣಗಿದರೆ ಬಿಗಿ. ನಿಮ್ಮದೂ ಹಾಗೇ ಅಲ್ವಾ?

ಸೀಳಿನ ಬಗ್ಗೆ ಹೇಳೋದಾದರೆ, ಅಂಚಿನಲ್ಲಿ ಸೀಳಿದ ಮುಚ್ಚಿಗೆಯನ್ನು ನಮ್ಮ ತಂದೆ ಯಾವತ್ತೂ ನಂಬಲಿಲ್ಲ. ನಡುವೆ ಸಣ್ಣ ತೂತಾದರೆ ಹೇಗೋ ಸುಧಾರಿಸಬಹುದು. ಎಳೆತ ಬೀಳೋದೇ ಅಂಚಿಗೆ. ಬದಲಿಸಿ, ಆದರೆ ಚರ್ಮಕ್ಕೆ ಚರ್ಮವನ್ನೇ ಹಾಕಿ ಅನ್ನೋದು ನನ್ನ ಮಾತು. ಹಳೆಯದನ್ನು ಎಸೆಯಬೇಡಿ.

ಧಾರವಾಡ_ಬೋಲ್ಟನ್

ಅಣ್ಣಾ, ಇದನ್ನು ಎರಡು ಸಲ ಓದಿದೆ. ಈಗ ಹೋಗಿ ಅಂಗೈಯಿಂದ ಸವರಿ ನೋಡಿದೆ. ಇವತ್ತು ಇಲ್ಲಿ ಮಳೆ. ನಿಜವಾಗಿಯೂ ಜಿಗುಟು ಜಿಗುಟು ಇದೆ!

ಕುಡ್ಲದ_ಮಳೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ಮಂಗಳೂರಿನಲ್ಲಿ ನನ್ನ ಹತ್ತಿರ ಅಮೆರಿಕದ ಒಂದು ಹಳೇ ಬ್ಯಾಂಜೊ-ಯುಕುಲೇಲಿ ಇದೆ, ಅಣ್ಣ ತಂದುಕೊಟ್ಟಿದ್ದು. ಮೊದಲ ವರ್ಷ ಚರ್ಮದಲ್ಲೇ ಇಟ್ಟೆ. ಜೂನ್ ಬಂದ ಕೂಡಲೇ ಮುಖ ತಗ್ಗಿ ಹೋಯಿತು, ಕುದುರೆ (ಚರ್ಮದ ಮೇಲೆ ನಿಂತು ತಂತಿ ಹೊರುವ ಮರದ ತುಂಡು) ಕೆಳಗೆ ಕೂತಿತು, ತಂತಿ ಮೆಟ್ಟಿಲಿಗೆ ತಾಗಿ ಬುಜ್ ಬುಜ್ ಅನ್ನತೊಡಗಿತು. ನಾನು ಕೊಕ್ಕೆ ಬಿಗಿ ಮಾಡಿದೆ. ಮತ್ತೆ ಮಳೆ, ಮತ್ತೆ ಬಿಗಿ. ನವೆಂಬರ್‌ನಲ್ಲಿ ಬಿಸಿಲು ಬಿದ್ದಾಗ ಸಡಿಲ ಮಾಡಲು ಮರೆತೆ. ಒಂದು ಮಧ್ಯಾಹ್ನ ಪಟಾಕಿ ಹೊಡೆದ ಹಾಗೆ ಸದ್ದು, ಹೋಗಿ ನೋಡಿದರೆ ಚರ್ಮ ಎರಡು ಹೋಳು.

ಆಮೇಲೆ ಪ್ಲಾಸ್ಟಿಕ್ ಹಾಕಿಸಿದೆ. ಒರಟು ಮೈ ಇರುವುದು, ನೋಡಲು ಚರ್ಮದ ಹಾಗೇ ಇದೆ. ಐದು ವರ್ಷ ಆಯಿತು, ಒಂದು ದಿನ ತೊಂದರೆ ಕೊಟ್ಟಿಲ್ಲ. ವಾದ್ಯ ಗೋಡೆಗೆ ನೇತುಹಾಕಲು ಅಲ್ಲ, ನುಡಿಸಲು. ದಿನಾ ಶ್ರುತಿ ಜೊತೆ ಗುದ್ದಾಡಿದರೆ ನುಡಿಸೋದು ಯಾವಾಗ? ಕರಾವಳಿಯಲ್ಲಿ ಇರುವವರಿಗೆ ನಾನು ಪ್ಲಾಸ್ಟಿಕ್ಕೇ ಹೇಳುತ್ತೇನೆ.

ನಾಲ್ಕುತಂತಿ

ಕುಡ್ಲದವರ ಮಾತಿನಲ್ಲಿ ತಪ್ಪಿಲ್ಲ. ನನ್ನ ಹನ್ನೊಂದರಲ್ಲಿ ನಾಲ್ಕಕ್ಕೆ ಪ್ಲಾಸ್ಟಿಕ್ ಇದೆ. ಹೊರಗೆ ಪಾರ್ಕಿಗೆ ತೆಗೆದುಕೊಂಡು ಹೋಗೋದು ಅವನ್ನೇ. ಪ್ಲಾಸ್ಟಿಕ್ ಮುಖ ಬಂದಿದ್ದೇ 1950ರ ದಶಕದ ಕೊನೆಯಲ್ಲಿ, ಡ್ರಮ್ ಬಾರಿಸುವವರೂ ಹವೆಯ ಕಾಟಕ್ಕೇ ಅದಕ್ಕೆ ಹೋದರು.

ಆದರೆ ಇಂಗ್ಲಿಷ್ ವಾದ್ಯಗಳಲ್ಲಿ ಒಂದು ಕಷ್ಟ ಇದೆ. ಪ್ಲಾಸ್ಟಿಕ್ ಮುಖಕ್ಕೆ ಲೋಹದ ಬಳೆ ಮೊದಲೇ ಕೂಡಿಸಿರುತ್ತೆ, ಅದು ಅಳತೆಗೆ ಸರಿಯಾಗಿ ಬೇಕು. ಹಳೇ ಕಾಲದವರು ಚೌಕಟ್ಟನ್ನು ತಮಗೆ ತೋಚಿದ ಅಳತೆಗೆ ಮಾಡಿದ್ದಾರೆ. 7 ಇಂಚು ಅಂತ ಹೇಳಿದ್ದು ಅಳೆದರೆ 7 ಮತ್ತು ಅರೆಪಾವು ಇರುತ್ತೆ. ಮುಖ ಕೂರಲ್ಲ. ಕೂರಿಸಬೇಕು ಅಂತ ಚೌಕಟ್ಟನ್ನೇ ಉಜ್ಜಿ ಸಣ್ಣ ಮಾಡಿದ ರಿಪೇರಿಯವರನ್ನು ಕಂಡಿದ್ದೇನೆ, ಹೊಟ್ಟೆ ಉರಿದುಹೋಯಿತು. ಒಮ್ಮೆ ಉಜ್ಜಿದ ಮರ ಮತ್ತೆ ಬರುತ್ತಾ? ಚರ್ಮಕ್ಕೆ ಈ ತಕರಾರಿಲ್ಲ. ಒದ್ದೆ ಮಾಡಿ ಎಳೆದರೆ ಯಾವ ಅಳತೆಗೂ ಒಗ್ಗಿಕೊಳ್ಳುತ್ತೆ.

ದನಿಯ ವ್ಯತ್ಯಾಸ ಕೇಳಿದರೆ, ಪ್ಲಾಸ್ಟಿಕ್ ಜೋರು, ಚುರುಕು, ಸ್ವಲ್ಪ ತಗಡಿನ ಹಾಗೆ. ಚರ್ಮದಲ್ಲಿ ಮೀಟಿದ ತಕ್ಷಣ ಒಂದು ಬೆಚ್ಚಗಿನ ಟಕ್ ಬರುತ್ತೆ, ಆಮೇಲೆ ದನಿ ಬೇಗ ಮುಗಿಯುತ್ತೆ. 1930ರ ಹಳೇ ರೆಕಾರ್ಡುಗಳಲ್ಲಿ ಕೇಳೋದು ಆ ಟಕ್ ಅನ್ನೇ. ಬೋಲ್ಟನ್‌ನವರೇ, ನೀವು ಇರೋದು ಮಂಗಳೂರಿನಲ್ಲಿ ಅಲ್ಲ, ಮನೆಯೊಳಗೆ ಹೀಟರ್ ಇರುತ್ತೆ. ಚರ್ಮವನ್ನೇ ಹಾಕಿ. ಕೊಕ್ಕೆ 14 ಚೆನ್ನಾಗಿದ್ದರೆ ಎರಡನ್ನು ಮಾತ್ರ ಹುಡುಕಿ ಹಾಕಿ. ಪಾಲಿಶ್ ಖಂಡಿತ ಬೇಡ.

ಧಾರವಾಡ_ಬೋಲ್ಟನ್

ಪಾಲಿಶ್ ಯಾಕೆ ಬೇಡ ಅಂತ ಸ್ವಲ್ಪ ಹೇಳಿ. ರಿಪೇರಿಯವರಿಗೆ ಉತ್ತರ ಕೊಡಬೇಕು.

ನಾಲ್ಕುತಂತಿ

ದಂಡಿಯ ಹಿಂದೆ, ಎಡಗೈ ಹೆಬ್ಬೆರಳು ಕೂರುವ ಜಾಗ ನೋಡಿ. ಅಲ್ಲಿ ಬಣ್ಣ ಸವೆದು ಮರ ನುಣುಪಾಗಿರುತ್ತೆ. ಸಾಮಾನ್ಯವಾಗಿ ಒಂದನೇ ಮೆಟ್ಟಿಲಿನಿಂದ ಮೂರನೇದರವರೆಗೆ. ಅಷ್ಟು ಹೊತ್ತು ಯಾರೋ ಅಲ್ಲೇ ಹಿಡಿದು ನುಡಿಸಿದ್ದಾರೆ. ಪಾಲಿಶ್ ಹೊಡೆದರೆ ಅದು ಹೋಯಿತು. ಕೊಳ್ಳುವವರು ಕೂಡ ಮೂಲ ಬಣ್ಣಕ್ಕೆ ಜಾಸ್ತಿ ಬೆಲೆ ಕೊಡುತ್ತಾರೆ. ಲೋಹಕ್ಕೆ ನಿಕಲ್ ಲೇಪ ತೆಳ್ಳಗಿರುತ್ತೆ, ಉಜ್ಜಿದರೆ ಕೆಳಗಿನ ಹಿತ್ತಾಳೆ ಕಾಣುತ್ತೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತುಕ್ಕು ಹಿಡಿದ ನಟ್ಟಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ರಾತ್ರಿ ಇಡಿ. ಬೆಳಿಗ್ಗೆ ಅರ್ಧ ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ. ಜೋರು ಮಾಡಿದರೆ ಕೊಕ್ಕೆ ಮುರಿಯುತ್ತೆ. ಎಣ್ಣೆ ಚರ್ಮಕ್ಕೂ ಮರಕ್ಕೂ ತಾಗದ ಹಾಗೆ ನೋಡಿಕೊಳ್ಳಿ.

ಚಾಂಪಿಯನ್_ರೀಫ್

ಸರ್, ನಾನು ಕೆಜಿಎಫ್‌ನವಳು. ನಮ್ಮ ಪಕ್ಕದ ಮನೆಯ ಆಂಗ್ಲೋ-ಇಂಡಿಯನ್ ಆಂಟಿ ಆಸ್ಟ್ರೇಲಿಯಾಗೆ ಹೋಗುವಾಗ ಅಮ್ಮನಿಗೆ ಕೊಟ್ಟು ಹೋದ ಒಂದು ಇಂಥದ್ದೇ ವಾದ್ಯ ಮನೆಯಲ್ಲಿದೆ. ಅದು ಏನು ಅಂತಲೇ ಗೊತ್ತಿರಲಿಲ್ಲ, ಮುರಿದ ಗಿಟಾರ್ ಅಂದುಕೊಂಡಿದ್ದೆವು. ಈಗ ಇದನ್ನು ಓದಿ ಇಳಿಸಿ ನೋಡಿದೆ. ಯಾರೋ ಸ್ಟೀಲ್ ತಂತಿ ಹಾಕಿದ್ದಾರೆ. ನೀವು ಹೇಳಿದ ಹಾಗೆ ಒತ್ತಿ ನೋಡಿದರೆ ನಾಣ್ಯ ಆರಾಮಾಗಿ ಹೋಗುತ್ತೆ. ಹಿಂದೆ ಸಹಿ ತರ ಏನೋ ಇದೆ, ಕೆ, ಇ, ಇ ಅಂತ ಓದಬಹುದು.

ನಾಲ್ಕುತಂತಿ

ಅಕ್ಕಾ, ಮೊದಲು ಇವತ್ತೇ ಆ ಸ್ಟೀಲ್ ತಂತಿ ಸಡಿಲ ಮಾಡಿ. ಒಂದೇ ಸಲ ಪೂರ್ತಿ ಅಲ್ಲ, ನಾಲ್ಕನ್ನೂ ಸ್ವಲ್ಪ ಸ್ವಲ್ಪವಾಗಿ. ಈ ದಂಡಿಗಳು ಕರುಳಿನ ತಂತಿಗೆ ಮಾಡಿದವು, ಎರಡನೇ ಮಹಾಯುದ್ಧ ಆದ ಮೇಲೆ ನೈಲಾನ್ ಬಂತು. ಒಳಗೆ ಕಬ್ಬಿಣದ ಸರಳು ಇರೋಲ್ಲ. ಸ್ಟೀಲ್ ಎಳೆತ ತಡೆಯಲಾರದೆ ಬಾಗುತ್ತವೆ. ನಮಗೆ ಸಿಗುವ ಹಳೇ ವಾದ್ಯಗಳು ಹಾಳಾಗಲು ದೊಡ್ಡ ಕಾರಣ ಇದೇ.

ಆ ಅಕ್ಷರ ಮುಂದೆ ಸಿ, ಎಚ್ ಅಂತ ಇದ್ದರೆ ಅದು ಕೀಚ್. ಬಾಗಿದ ದಂಡಿಯನ್ನು ತಿಳಿದವರು ಬಿಸಿ ಕೊಟ್ಟು ಅದುಮಿ ನೇರ ಮಾಡುತ್ತಾರೆ. ವೀಣೆ ರಿಪೇರಿ ಮಾಡುವವರಲ್ಲೂ ಕೇಳಿ ನೋಡಿ, ಮರದ ಕೈ ಅವರದ್ದು ಚೆನ್ನಾಗಿರುತ್ತೆ. ಆದರೆ ಮೆಟ್ಟಿಲು ಕೀಳುವ ಮೊದಲು ಇಲ್ಲಿ ಒಮ್ಮೆ ಕೇಳಿ.

ಚಾಂಪಿಯನ್_ರೀಫ್

ಸಡಿಲ ಮಾಡಿದೆ ಅಣ್ಣ. ಕೆ-ಇ-ಇ-ಸಿ-ಎಚ್ ಇದೆ!! ಭೂತಗನ್ನಡಿಯಲ್ಲಿ ಕಾಣಿಸಿತು. ಅಮ್ಮನಿಗೆ ಹೇಳಿದೆ, ಆಂಟಿ ಸಂಜೆ ವರಾಂಡಾದಲ್ಲಿ ಕೂತು ಇದನ್ನು ನುಡಿಸುತ್ತಿದ್ದದ್ದು ಅಮ್ಮನಿಗೆ ಈಗ ನೆನಪಾಯಿತು. ಮಾರಲ್ಲ.

ಹುಬ್ಬಳ್ಳಿ_ಪಾರ್ಸಲ್

ಪಾರ್ಸಲ್ ವಿಷಯ ಒಂದು ಹೇಳಿಬಿಡುತ್ತೇನೆ, ಇನ್ನೊಬ್ಬರಿಗೆ ನಾನು ಪಟ್ಟ ನೋವು ಬೇಡ. ಆನ್‌ಲೈನ್‌ನಲ್ಲಿ ಹೊರದೇಶದ ಒಬ್ಬರಿಂದ 1920ರ ದಶಕದ ಒಂದನ್ನು ಕೊಂಡೆ. ಎರಡು ತಿಂಗಳ ಸಂಬಳದಲ್ಲಿ ಉಳಿಸಿದ ದುಡ್ಡು. ಮಾರಿದವರು ತಂತಿ ಬಿಗಿದೇ, ಕುದುರೆ ನಿಲ್ಲಿಸಿಯೇ ಪೆಟ್ಟಿಗೆಗೆ ಹಾಕಿದ್ದರು. ಬಿಚ್ಚಿದಾಗ ಕುದುರೆ ಚರ್ಮವನ್ನು ತೂತು ಮಾಡಿ ಒಳಗೆ ಬಿದ್ದಿತ್ತು. ದಂಡಿಯ ಬುಡದಲ್ಲಿ ಬಿರುಕು. ಬಿರುಕನ್ನು ಅಂಟು ಹಾಕಿ ಸರಿ ಮಾಡಿಸಿದೆ, ಈಗ ನುಡಿಯುತ್ತೆ. ಆದರೂ ಆ ದಿನ ನೆನೆದರೆ ಇನ್ನೂ ಸಂಕಟ ಆಗುತ್ತೆ.

ಕೊಳ್ಳುವ ಮೊದಲೇ ಬರೆದು ಹೇಳಿ: ತಂತಿ ಸಡಿಲ ಮಾಡಿ, ಕುದುರೆ ತೆಗೆದು ಬೇರೆ ಕಾಗದದಲ್ಲಿ ಸುತ್ತಿ, ಚರ್ಮದ ಕೊಕ್ಕೆ ಸ್ವಲ್ಪ ಇಳಿಸಿ, ದಂಡಿಯ ತಲೆಯ ಕೆಳಗೆ ಬಟ್ಟೆ ತುರುಕಿ ಅಂತ. ಕೇಳಿದರೆ ಬಹಳ ಜನ ಮಾಡುತ್ತಾರೆ.

ರಾಗ_ಮತ್ತು_ಯೂಕ್

ಇದರಲ್ಲಿ ನಮ್ಮ ಸಂಗೀತ ನುಡಿಸಬಹುದಾ? ನಾನು ಎಂಟು ವರ್ಷ ವೀಣೆ ಕಲಿತವಳು, ಈಗ ಮಗಳಿಗೆ ಯುಕುಲೇಲಿ ತಂದಿದ್ದೇವೆ, ಅದಕ್ಕೇ ಕೇಳಿದೆ.

ನಾಲ್ಕುತಂತಿ

ಗಮಕ ಕಷ್ಟ ಮೇಡಂ. ದನಿ ಬೇಗ ಆರುತ್ತೆ, ಎಳೆದು ಆಡಿಸುವಷ್ಟರಲ್ಲಿ ಸ್ವರವೇ ಮುಗಿದಿರುತ್ತೆ. ಆದರೆ ಒಂದು ಚೆಂದದ ವಿಷಯ ಇದೆ. ಮಾಮೂಲಿ ಶ್ರುತಿ ಜಿ-ಸಿ-ಇ-ಎ. ಸಿ ಅನ್ನು ಷಡ್ಜ ಅಂತ ಹಿಡಿದರೆ ನಾಲ್ಕು ತಂತಿ ಪ, ಸ, ಗ, ದ ಆಗುತ್ತವೆ. ಅಂತರ ಗಾಂಧಾರ, ಚತುಶ್ರುತಿ ಧೈವತ. ಅಂದರೆ ಬರೀ ತಂತಿಯನ್ನು ಮೀಟಿದರೂ ಅಷ್ಟೂ ಮೋಹನದ ಸ್ವರಗಳೇ! ರಿಷಭ ಒಂದನ್ನು ಬೆರಳಿಟ್ಟು ತೆಗೆದರೆ ಆಯಿತು. ಮೋಹನದ ಸಣ್ಣ ಗೀತೆ ಮಗಳಿಗೆ ಹೇಳಿಕೊಟ್ಟು ನೋಡಿ. ಮೊದಲು ಹೇಳಿದ ಪಂಚಮ ಮಂದ್ರದ್ದಲ್ಲ, ಮಧ್ಯ ಸ್ಥಾಯಿಯದ್ದು, ಷಡ್ಜಕ್ಕಿಂತ ಮೇಲೆ. ಅದಕ್ಕೇ ಮೇಲಿಂದ ಕೆಳಗೆ ಮೀಟಿದಾಗ ಆ ಕುಣಿತ ಬರೋದು. 1920ರ ಕಾಲದವರು ಒಂದು ಪೂರ್ತಿ ಸ್ವರ ಏರಿಸಿ ಎ-ಡಿ-ಎಫ್ ಶಾರ್ಪ್-ಬಿ ಇಡುತ್ತಿದ್ದರು, ಚರ್ಮದ ಮುಖಕ್ಕೆ ಆ ಬಿಗಿ ಚೆನ್ನಾಗಿ ಒಪ್ಪುತ್ತೆ.

ರಾಗ_ಮತ್ತು_ಯೂಕ್

ಇದು ನನಗೆ ಹೊಳೆದೇ ಇರಲಿಲ್ಲ. ಈಗ ಮೀಟಿದೆ. ಹೌದು! ಮಗಳು ಪಕ್ಕದಲ್ಲೇ ಕೂತು ಸರಿಗಪದ ಅಂತ ಹುಡುಕುತ್ತಿದ್ದಾಳೆ.

ಧಾರವಾಡ_ಬೋಲ್ಟನ್

ನಿಮ್ಮೆಲ್ಲರ ಮಾತು ಕೇಳಿ ಈ ಭಾನುವಾರ ವಿಗನ್‌ಗೆ ಹೋಗಿ ಬಂದೆ. ಜಾರ್ಜ್ ಫಾರ್ಮ್‌ಬಿ ಅನ್ನೋ ಹಾಸ್ಯನಟ, ಗಾಯಕ ಹುಟ್ಟಿದ ಊರು ಅದು, 1904ರಲ್ಲಿ. ನಮ್ಮ ಮನೆಯಿಂದ ಹತ್ತು ಮೈಲಿ ಅಷ್ಟೇ. ಈ ವಾದ್ಯವನ್ನು ಬ್ರಿಟನ್ನಿನ ಮನೆ ಮನೆಗೆ ಮುಟ್ಟಿಸಿದವರು ಅವರು. 1932ರಲ್ಲಿ ಜ್ಯಾಕ್ ಹಿಲ್ಟನ್ ಬ್ಯಾಂಡ್ ಜೊತೆ ರೆಕಾರ್ಡ್ ಕೊಟ್ಟ ಮೇಲೆ ಹಿಂದೆ ತಿರುಗಿ ನೋಡಲಿಲ್ಲ. ಯುದ್ಧದ ಕಾಲದಲ್ಲಿ ಸೈನಿಕರಿದ್ದಲ್ಲಿಗೇ ಹೋಗಿ ಹಾಡಿದರು. ಅವರ ಒಂದು ಗಿಬ್ಸನ್ 2008ರ ಹರಾಜಿನಲ್ಲಿ 72,000 ಪೌಂಡಿಗೆ ಹೋಯಿತಂತೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೂಡ ಅವರ ಅಭಿಮಾನಿ, 1991ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಫಾರ್ಮ್‌ಬಿ ಸೊಸೈಟಿಯ ಕೂಟಕ್ಕೆ ಬಂದಿದ್ದರು.

ನನಗೆ ಅದಕ್ಕಿಂತ ಫಾರ್ಮ್‌ಬಿಯವರ ಬಲಗೈ ಇಷ್ಟ. ಹಳೇ ವಿಡಿಯೋಗಳನ್ನು ನಿಧಾನ ಮಾಡಿ ನೋಡುತ್ತಿದ್ದೇನೆ. ಬೆರಳು ಕೆಳಗೆ ಹೋಗುವಾಗ ನಾಲ್ಕೂ ತಂತಿ, ಮೇಲೆ ಬರುವಾಗ ಮೊದಲನೇ ತಂತಿ (ಎ) ಮಾತ್ರ, ಮತ್ತೆ ಇಳಿಯುವಾಗ ನಾಲ್ಕನೇ ತಂತಿ (ಜಿ) ಮಾತ್ರ. ಅದನ್ನೇ ಸುತ್ತಿ ಸುತ್ತಿ ಬಾರಿಸಿದರೆ ಮೂರು ಮೂರರ ನಡೆ ನಾಲ್ಕರ ತಾಳದ ಮೇಲೆ ಓಡುತ್ತೆ. ತಬಲಾ ಕೇಳಿ ಬೆಳೆದವರಿಗೆ ಇದು ತಕ್ಷಣ ಹಿಡಿಯುತ್ತೆ, ಕೈಗೆ ಬರೋದು ಮಾತ್ರ ನಿಧಾನ.

ಇನ್ನೊಂದು ಮಾತು, ವಾದ್ಯಕ್ಕೆ ಸಂಬಂಧ ಇಲ್ಲದ್ದು. ನಮ್ಮ ಊರಿನ ಸುತ್ತಲಿನ ಈ ಲ್ಯಾಂಕಾಶೈರ್ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಸೀಮೆಯಾಗಿತ್ತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿ ಇಲ್ಲಿಗೆ ಬರುತ್ತಿತ್ತು. ಇಲ್ಲಿಯ ತೇವದ ಹವೆಗೆ ನೂಲು ತುಂಡಾಗಲ್ಲ ಅಂತ ಗಿರಣಿಗಳು ಇಲ್ಲಿ ಬಂದವು. ಅದೇ ತೇವದ ಹವೆ ಈಗ ನನ್ನ ಚರ್ಮವನ್ನು ಸಡಿಲ ಮಾಡುತ್ತಿದೆ.

ಧಾರವಾಡ_ಬೋಲ್ಟನ್ (ಮೂರು ವಾರದ ನಂತರ)

ಆಯಿತು! ನಾನೇ ಮಾಡಿದೆ. ಪೂರ್ತಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಮೊದಲು ಬಿಚ್ಚುವಾಗ ಪ್ರತಿ ಕೊಕ್ಕೆಗೂ ನಂಬರ್ ಚೀಟಿ ಕಟ್ಟಿದೆ. ಹಳೇ ಚರ್ಮ ತೆಗೆದಾಗ ಒಳಗೆ ಒಂದು ವಸ್ತು ಸಿಕ್ಕಿತು. ದಂಡಿಯ ಬುಡಕ್ಕೂ ಚೌಕಟ್ಟಿಗೂ ನಡುವೆ ಸಂದಿ ತುಂಬಲು ಯಾರೋ ಒಂದು ಬಸ್ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿದ್ದರು. ಕಂದು ಬಣ್ಣಕ್ಕೆ ತಿರುಗಿದೆ, ಒಂದು ಪೆನಿ ಅನ್ನೋದು ಮಾತ್ರ ಓದಲು ಬರುತ್ತೆ. ಬಿಡಿಸಿ ನೋಡಿ, ಅದೇ ಮಡಿಕೆಯಲ್ಲಿ ಮಡಚಿ, ಅದೇ ಜಾಗದಲ್ಲಿ ಇಟ್ಟೆ. ದಂಡಿಯ ಓರೆ ಅದರ ಮೇಲೇ ನಿಂತಿದೆ.

ಹೊಸ ಕರುವಿನ ಚರ್ಮ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿದೆ. ಒದ್ದೆ ದೋಸೆಯ ಹಾಗೆ ಆಗುತ್ತೆ. ಚೌಕಟ್ಟಿನ ಮೇಲೆ ಹಾಸಿ, ಚರ್ಮ ಸಿಕ್ಕಿಸುವ ತೆಳು ಲೋಹದ ಬಳೆಯನ್ನು ಮೇಲಿಂದ ಇಳಿಸಿ, ಅಂಚನ್ನು ಬಳೆಯ ಸುತ್ತ ಮೇಲಕ್ಕೆ ಮಡಚಿ, ಅದರ ಮೇಲೆ ಹೊರಗಿನ ಬಳೆ ಕೂರಿಸಿದೆ. ಇಲ್ಲಿ ನಾಲ್ಕು ಕೈ ಬೇಕು. ಹೆಂಡತಿ ಹಿಡಿದಳು, ನಾನು ಇಕ್ಕಳದಲ್ಲಿ ಅಂಚನ್ನು ಎಳೆದು ಸುಕ್ಕು ತೆಗೆದೆ. ಕೊಕ್ಕೆಗಳನ್ನು ಎದುರು ಬದುರಾಗಿ ಬೆರಳಲ್ಲೇ ತಿರುಗಿಸಿ ಬಿಟ್ಟೆ, ಅಷ್ಟೇ. ಒದ್ದೆಯಲ್ಲೇ ಪೂರ್ತಿ ಬಿಗಿ ಮಾಡಬಾರದು. ಬಳೆ ಈಗಲೇ ಕೆಳಗೆ ಕೂತರೆ ಒಣಗಿದ ಮೇಲೆ ಎಳೆಯಲು ಜಾಗ ಇರೋಲ್ಲ.

ಎರಡು ದಿನ ಹೀಟರ್‌ನಿಂದ ದೂರ, ಕಪಾಟಿನ ಮೇಲೆ ಇಟ್ಟೆ. ಮೊದಲ ರಾತ್ರಿ ಎದ್ದು ಎದ್ದು ನೋಡಿದೆ. ಎರಡನೇ ದಿನ ಬೆರಳಲ್ಲಿ ತಟ್ಟಿದರೆ ಟಣ್ ಅಂತು. ಆಮೇಲೆ ಮೇಲಿನ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿ, ದಿನಕ್ಕೆ ಕಾಲು ಸುತ್ತಿನಂತೆ ನಾಲ್ಕು ದಿನ ಬಿಗಿ ಮಾಡಿದೆ, ಮದ್ದಳೆ ಮನೆಯವರು ಹೇಳಿದ ಎದುರು ಬದುರು ಲೆಕ್ಕದಲ್ಲೇ.

ಕುದುರೆಯನ್ನು ಎಲ್ಲಿ ಇಡಬೇಕು ಅಂತ ಕೇಳುವವರಿಗೆ: ದಂಡಿಯ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯಿಂದ 12ನೇ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಅಷ್ಟೇ. ನೈಲಾನ್ ತಂತಿ ಹಾಕಿದೆ. ಅಡ್ಡಕೋಲಿಗೂ ಚರ್ಮಕ್ಕೂ ನಡುವೆ ಹಳೇ ಇಳಕಲ್ ಸೀರೆಯ ಒಂದು ತುಂಡನ್ನು ಮಡಚಿ ಇಟ್ಟಿದ್ದೇನೆ, ಅಮ್ಮನದ್ದು. ಅನವಶ್ಯಕ ಗುಂಗು ನಿಂತು ದನಿ ದುಂಡಗಾಯಿತು.

ಹಳೇ ಚರ್ಮವನ್ನು ಎರಡು ರಟ್ಟಿನ ನಡುವೆ ಇಟ್ಟು ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ಅದರಲ್ಲಿ ಕುದುರೆಯ ಮೂರು ಕಾಲಿನ ಗುರುತು ಇನ್ನೂ ಇದೆ.

ನಾಲ್ಕುತಂತಿ

ಆ ಟಿಕೆಟ್ ವಾಪಸ್ ಇಟ್ಟಿರಲ್ಲ, ಅದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ಮದ್ದಳೆ_ಮನೆ

ನೀವು ನುಡಿಸಿ ಕಳಿಸಿದ ಆಡಿಯೋ ಕೇಳಿದೆ. ಒಂದು ಕಡೆ ಕೊಕ್ಕೆ ಇನ್ನೂ ಸ್ವಲ್ಪ ಸಡಿಲ ಇದೆ ಅನಿಸುತ್ತದೆ. ಪ್ರತಿ ಕೊಕ್ಕೆಯ ಪಕ್ಕದಲ್ಲಿ ಬೆರಳ ತುದಿಯಿಂದ ತಟ್ಟಿ ನೋಡಿ, ಒಂದೇ ದನಿ ಬರಬೇಕು.

ಧಾರವಾಡ_ಬೋಲ್ಟನ್

ಹೌದು ಅಣ್ಣಾ, 11ನೇ ಚೀಟಿಯ ಕೊಕ್ಕೆ. ಸರಿ ಮಾಡಿದೆ. ನಾಳೆಯಿಂದ ಮೂರು ದಿನ ಮಳೆ ಅಂತೆ, ಎಷ್ಟು ಇಳಿಯುತ್ತೆ ನೋಡಿ ಬರೆಯುತ್ತೇನೆ.

ಧಾರವಾಡ_ಬೋಲ್ಟನ್

ಮಳೆ ಬಂತು. ಅರ್ಧ ಸ್ವರ ಇಳಿದಿದೆ. ಕೊಕ್ಕೆ ಮುಟ್ಟಲಿಲ್ಲ, ಇಳಿದ ಶ್ರುತಿಯಲ್ಲೇ ಒಂದು ಗಂಟೆ ನುಡಿಸಿದೆ.